ದೊಣ್ಣೆಮೆಣಸಿನ ಗಿಡದ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ

ತಾರಸಿಯವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ. ಚುಟುಕಾಗಿ ಕೇಳಿದರೆ "ನೀರೆಷ್ಟು, ಬಿಸಿಲೆಷ್ಟು, ಕುಂಡ ಎಷ್ಟು ದೊಡ್ಡದು" ಅಂತ ಮತ್ತೆ ಹತ್ತು ಪ್ರಶ್ನೆ ಬರುತ್ತವೆ. ಅದಕ್ಕೆ ಮೊದಲೇ ಎಲ್ಲಾ ಹೇಳಿಬಿಡ್ತೀನಿ.

ತಾರಸಿಯಲ್ಲಿ 9 ದೊಣ್ಣೆಮೆಣಸಿನ ಗಿಡ ಇವೆ. ಬೀಜ ಹಾಕಿದ್ದು 12. ಹತ್ತು ದಿನ ಆದರೂ ಟ್ರೇನಲ್ಲಿ ಏನೂ ಕಾಣಲಿಲ್ಲ. ಬೀಜ ಹಳೇದಿರಬೇಕು ಅಂತ ಬೈಕೊಂಡು ಅದರಲ್ಲೇ ದಂಟಿನ ಬೀಜ ಉದುರಿಸೋಣ ಅಂತಿದ್ದೆ. 11ನೇ ದಿನ ಬೆಳಿಗ್ಗೆ ನೋಡಿದರೆ ಕೊಕ್ಕೆ ಥರ ಬಗ್ಗಿಕೊಂಡು ನಾಲ್ಕು ಮೊಳಕೆ! ಆರನೇ ವಾರಕ್ಕೆ 12 ಇಂಚಿನ ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಬದಲಾಯಿಸಿದೆ. ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಒಂದೊಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಗಾಳಿಗೆ ಬೀಳಬಾರದು ಅಂತ ಒಂಬತ್ತನ್ನೂ ಮೆಟ್ಟಿಲ ಕೋಣೆಯ ಪಶ್ಚಿಮದ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದೀನಿ. ಮಧ್ಯಾಹ್ನ ಬಿಸಿಲು ಬಿದ್ದರೆ ಸೂರ್ಯ ಮುಳುಗೋ ತನಕ ಇರುತ್ತೆ.

ಗಿಡ ನೋಡಿದರೆ ದೃಷ್ಟಿ ತಾಗಬೇಕು, ಹಾಗಿವೆ. ಮಂಡಿಯೆತ್ತರ, ಎಲೆ ಕಡುಹಸಿರು, ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನುತ್ತವೆ. ಹೂವೂ ಧಾರಾಳ. ಆದರೆ ಅರಳಿದ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹೂವಿನ ತೊಟ್ಟು ಕಾಂಡಕ್ಕೆ ಸೇರುವ ಗಂಟಿನ ಹತ್ತಿರ ಹಳದಿಯಾಗುತ್ತೆ. ಮಾರನೇ ದಿನ ಬೆರಳು ತಾಗಿಸಿದರೆ ಸಾಕು, ತೊಟ್ಟಿನ ಸಮೇತ ಟಪ್ ಅಂತ ಕಳಚಿ ಬೀಳುತ್ತೆ. ನಿನ್ನೆ ಗುಡಿಸುವಾಗ ಎಣಿಸಿದೆ, 17 ಹೂವು. ಕಾಯಿಯ ಲೆಕ್ಕ ಇನ್ನೂ ಸೊನ್ನೆ.

ಮಾಡಿದ್ದೆಲ್ಲಾ ಹೇಳ್ತೀನಿ. ವಾರಕ್ಕೊಂದು ಸಲ ಎರಡು ಹಿಡಿ ಎರೆಗೊಬ್ಬರ. ಹೂ ಉದುರೋಕೆ ಶುರುವಾದ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು) ನೀರಿಗೆ ಬೆರೆಸಿ ಎರಡು ಸಲ ಸಿಂಪಡಿಸಿದೆ. ಕ್ಯಾಲ್ಸಿಯಂ ಬೇಕು ಅಂದರು, ಮೊಟ್ಟೆ ಚಿಪ್ಪು ಕುಟ್ಟಿ ಹಾಕಿದೆ. ಮಧ್ಯಾಹ್ನ ಎಲೆ ಜೋತು ಬೀಳೋದನ್ನ ನೋಡೋಕಾಗದೆ ದಿನಕ್ಕೆ ಮೂರು ಸಲ ನೀರು ಹಾಕ್ತಿದ್ದೀನಿ. ಜೇನು ಬರ್ತಿಲ್ಲವೇನೋ ಅಂತ ಮಗಳ ಬಣ್ಣದ ಬ್ರಷ್ ತಗೊಂಡು ಒಂದೊಂದು ಹೂವಿಗೂ ಸವರಿದೆ. ಬ್ರಷ್ ಎಲ್ಲಿ ಹೋಯಿತು ಅಂತ ಅವಳು ಇನ್ನೂ ಹುಡುಕ್ತಿದ್ದಾಳೆ.

ಹೊಟ್ಟೆಕಿಚ್ಚಾಗೋದು ಏನಂದರೆ, ಇದೇ ಸಾಲಿನ ಕೊನೆಯಲ್ಲಿರೋ ಸಾದಾ ಮೆಣಸಿನ ಗಿಡ ಗೊಂಚಲು ಗೊಂಚಲಾಗಿ ಬಿಡ್ತಿದೆ. ಅದಕ್ಕೆ ನಾನು ಏನೂ ಮಾಡಿಲ್ಲ. ಬೆಂಡೆಯೂ ಜೋರಾಗಿದೆ.

ಇನ್ನು ಮೂರು ಸಣ್ಣ ಪ್ರಶ್ನೆ. ಎರಡು ಗಿಡದ ತುದಿ ಎಲೆ ಮುರುಟಿಕೊಂಡಿವೆ, ಕಿತ್ತು ಹಾಕಲಾ? ಹೀರೆ ಬಳ್ಳಿಯಲ್ಲಿ ಬೆರಳುದ್ದದ ಮಿಡಿ ಬರುತ್ತೆ, ಹಳದಿಯಾಗಿ ಒಣಗುತ್ತೆ, ಯಾಕೆ? ಖಾರದ ಮೆಣಸಿನ ಪಕ್ಕ ಇಟ್ಟರೆ ದೊಣ್ಣೆಮೆಣಸೂ ಖಾರ ಆಗುತ್ತಂತೆ, ಹೌದಾ? ಕಾಯೇ ಇಲ್ಲದೆ ಖಾರದ ಚಿಂತೆ ಅಂತ ನಗಬೇಡಿ.

ಮಣ್ಣುಗೈ:

ಮೊದಲು ಆ ಗೊಬ್ಬರದ ಡಬ್ಬ ಕೆಳಗಿಡಮ್ಮ.

ಗಿಡಕ್ಕೆ ಕಾಯಿಲೆ ಇಲ್ಲ. ನೀವು ಬರೆದಿದ್ದರಲ್ಲೇ ಉತ್ತರ ಇದೆ: ಕಪ್ಪು ಕುಂಡ, ಪಶ್ಚಿಮದ ಗೋಡೆ, ಮಧ್ಯಾಹ್ನದಿಂದ ಮುಳುಗೋವರೆಗೂ ಬಿಸಿಲು. ದೊಣ್ಣೆಮೆಣಸು ಬೇಸಿಗೆ ಬೆಳೆ ಅಂತ ಹೆಸರಿಗೆ ಅಷ್ಟೇ, ಅದಕ್ಕೆ ಬೇಕಿರೋದು ಬೆಚ್ಚಗಿನ ಹವೆ, ಸುಡೋ ಹವೆಯಲ್ಲ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ರಿಂದ ಕೆಳಗಿಳಿಯದಿದ್ದರೆ ಹೂವು ನಿಲ್ಲೋದು ಕಷ್ಟ. ಎಲ್ಲರೂ ಹಗಲಿನ ಬಿಸಿಲು ನೋಡ್ತಾರೆ, ರಾತ್ರಿಯ ಸೆಕೆಯನ್ನ ಮರೀತಾರೆ. ಇವತ್ತು ರಾತ್ರಿ ಹತ್ತು ಗಂಟೆಗೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡಿ. ಹಗಲೆಲ್ಲಾ ಕುಡಿದ ಬಿಸಿಯನ್ನ ಅದು ರಾತ್ರಿಯೆಲ್ಲಾ ನಿಮ್ಮ ಗಿಡದ ಮೇಲೆ ಉಗುಳ್ತಾ ಇರುತ್ತೆ.

ಸೆಕೆಗೆ ಕೆಡೋದು ಪರಾಗ. ಅದೂ ಹೂ ಅರಳಿದ ಮೇಲಲ್ಲ, ಮೊಗ್ಗು ಇನ್ನೂ ಕಾಳಿನಷ್ಟಿರುವಾಗಲೇ ಹಾಳಾಗಿರುತ್ತೆ. ಸತ್ತ ಪರಾಗವನ್ನ ಬ್ರಷ್ಷಲ್ಲಿ ಸವರಿದರೇನು, ಜೇನು ಬಂದು ಸವರಿದರೇನು. ಮೆಣಸಿನ ಹೂವಿಗೆ ಜೇನು ಬಂದೇ ತೀರಬೇಕು ಅಂತಲೂ ಇಲ್ಲ, ಗಂಡು ಹೆಣ್ಣು ಎರಡೂ ಒಂದೇ ಹೂವಲ್ಲಿವೆ. ಗಾಳಿಗೆ ಅಲ್ಲಾಡಿದರೆ ಸಾಕು, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತೆ. ಬ್ರಷ್ ಮಗಳಿಗೆ ವಾಪಸ್ ಕೊಡಿ.

ಸಾದಾ ಮೆಣಸಿನ ಗಿಡ ಕಾಯಿ ಬಿಡೋದಕ್ಕೆ ಕಾರಣ ಅದರ ಜಾತಿ. ಕಾಯಿ ಸಣ್ಣದಿದ್ದಷ್ಟೂ ಸಾಮಾನ್ಯವಾಗಿ ಗಿಡ ಸೆಕೆ ತಡೆಯುತ್ತೆ. ದೊಡ್ಡ ಕಾಯಿಯ ದೊಣ್ಣೆಮೆಣಸು ಎಲ್ಲಕ್ಕಿಂತ ನಾಜೂಕು. ಟೊಮೆಟೊಗೂ ಇದೇ ರಾಗ, ಬಿರುಬೇಸಿಗೆಯಲ್ಲಿ ಅದೂ ಹೂ ಉದುರಿಸುತ್ತೆ. ಬೆಂಡೆ, ಗೋರಿಕಾಯಿ, ಅಲಸಂದೆ ಇವೇ ಬಿಸಿಲಿನ ಮಕ್ಕಳು.

ಈಗ ಮಾಡಬೇಕಾದ್ದು. ಕುಂಡಗಳನ್ನ ಆ ಗೋಡೆಯಿಂದ ಎತ್ತಿ ಮೆಟ್ಟಿಲ ಕೋಣೆಯ ಪೂರ್ವಕ್ಕೆ ಇಡಿ. ಬೆಳಗಿನ ಬಿಸಿಲು ಸಿಗುತ್ತೆ, ಎರಡು ಗಂಟೆ ಮೇಲೆ ಕಟ್ಟಡದ್ದೇ ನೆರಳು. ನೆಲದ ಕಾವು ತಾಗದ ಹಾಗೆ ಎರಡೆರಡು ಇಟ್ಟಿಗೆ ಮೇಲೆ ಕೂರಿಸಿ. ಕಪ್ಪು ಕುಂಡಕ್ಕೆ ಹಳೇ ಬಿಳಿ ಬಟ್ಟೆಯನ್ನೋ ಗೋಣಿಚೀಲವನ್ನೋ ಸುತ್ತಿ. ಬಿಸಿಲು ಬೀಳೋ ಪಕ್ಕದ ಬೇರು ಬೇಯ್ತಾ ಇರುತ್ತೆ, ಅದು ಮೇಲಿಂದ ಕಾಣಲ್ಲ. ಮಣ್ಣಿನ ಮೇಲೆ ಎರಡು ಇಂಚು ಒಣ ತರಗೆಲೆ. ಜಾಗ ಬದಲಾಯಿಸೋಕೆ ಆಗಲ್ಲ ಅಂದರೆ ಮಾತ್ರ ನೆರಳು ಪರದೆ, ಅದೂ 35ರಿಂದ 50 ಪರ್ಸೆಂಟ್‌ದು. 75ರದ್ದು ಕಟ್ಟಿದರೆ ಗಿಡ ಬೆಳಕಿಗೆ ಬಾಯಿ ಬಿಟ್ಟು ಉದ್ದುದ್ದ ಆಗುತ್ತೆ.

ನೀರು ಬೆಳಿಗ್ಗೆ ಒಂದು ಸಲ, ಕುಂಡದ ತಳದಿಂದ ಹರಿದು ಬರೋವಷ್ಟು. ಸಂಜೆ ಎರಡು ಗೆಣ್ಣು ಬೆರಳಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಇನ್ನೊಂದು ಸಲ. ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆ ತಾನಾಗೇ ಎದ್ದು ನಿಂತರೆ ಅದು ಬಾಯಾರಿಕೆಯಲ್ಲ. ಬೇರು ಕೊಡೋದಕ್ಕಿಂತ ಎಲೆ ಕಳ್ಕೊಳ್ಳೋದು ಜಾಸ್ತಿ ಆಗಿದೆ, ಅಷ್ಟೆ. ಬೆಳಿಗ್ಗೆ ಎದ್ದಾಗಲೂ ಜೋತಿದ್ದರೆ ಆಗ ಗಾಬರಿ ಬೀಳಿ.

ಗೊಬ್ಬರ ಒಂದು ತಿಂಗಳು ಬೇಡ. ಕಡುಹಸಿರು, ಮಿರಮಿರ ಅಂದಿರಲ್ಲ, ಅದು ಸಾರಜನಕ ಹೆಚ್ಚಾದ ಗುರುತು. ಕುಡಿ ಚಿಗುರಿಸೋದರಲ್ಲೇ ಸುಖವಾಗಿರೋ ಗಿಡ ಕಾಯಿ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ. ಮೊಟ್ಟೆ ಚಿಪ್ಪು ಕರಗಿ ಗಿಡಕ್ಕೆ ಸಿಗೋ ಹೊತ್ತಿಗೆ ಈ ಬೆಳೆಯೇ ಮುಗಿದಿರುತ್ತೆ. ಅಲ್ಲದೆ ಹೂ ಉದುರೋದಕ್ಕೂ ಕ್ಯಾಲ್ಸಿಯಂಗೂ ನಂಟು ಹಾಕಬೇಡಿ, ಅದು ಕಾಯಿಯ ತಳ ಕಪ್ಪಾಗಿ ಕೊಳೆಯೋ ತೊಂದರೆಗೆ ಸೇರಿದ್ದು. ಅದರಲ್ಲೂ ಮುಕ್ಕಾಲು ಪಾಲು ತಪ್ಪು ನೀರಿನದ್ದೇ: ಒಂದು ದಿನ ಕೆಸರು, ಒಂದು ದಿನ ಬೂದಿ, ಹೀಗೆ ಆದರೆ ಮಣ್ಣಲ್ಲಿರೋ ಕ್ಯಾಲ್ಸಿಯಂ ಕಾಯಿ ತುದಿಗೆ ತಲುಪೋದೇ ಇಲ್ಲ.

ಸಂಶಯಪ್ಪ:

ಮಣ್ಣುಗೈ ಸಾರ್, ಒಂದು ತಕರಾರು. ನನ್ನ ಹಿತ್ತಲಲ್ಲಿ ಹಗಲು 37, 38 ಆಗುತ್ತೆ, ನಾನೇ ಅಳೆದಿದ್ದೀನಿ. ಆದರೂ ದೊಣ್ಣೆಮೆಣಸು ಬಿಡುತ್ತೆ. 32ರ ಲೆಕ್ಕ ಎಲ್ಲಿ ಹೋಯಿತು?

ಖಾರದ ಪ್ರಶ್ನೆಗೆ ನಾನು ಹೇಳ್ತೀನಿ. ಇಲ್ಲ ಮೇಡಂ, ಆಗಲ್ಲ. ಪಕ್ಕದ ಗಿಡದ ಪರಾಗ ಬಿದ್ದರೂ ಈ ಸಲದ ಕಾಯಿ ತಾಯಿ ಗಿಡದ ಗುಣದ್ದೇ. ಬೆರಕೆ ಆಗೋದು ಒಳಗಿರೋ ಬೀಜ. ಅದನ್ನ ಎತ್ತಿಟ್ಟು ಮುಂದಿನ ಸಲ ಬಿತ್ತಿದರೆ ಆಗ ಖಾರದ ಕಾಯಿ ಬರಬಹುದು. ಇನ್ನೊಂದು, ಖಾರ ಬೀಜದಲ್ಲಿದೆ ಅಂತ ಎಲ್ಲರೂ ಅನ್ನೋದು ಸುಳ್ಳು. ಬೀಜ ಅಂಟಿಕೊಂಡಿರೋ ಬಿಳೀ ತಿರುಳಲ್ಲಿ ಇರೋದು, ಬೀಜಕ್ಕೆ ಅದು ಮೆತ್ತಿಕೊಂಡಿರುತ್ತೆ ಅಷ್ಟೆ.

ಮಣ್ಣುಗೈ:

ಹಿತ್ತಲು ಅಂದಿರಿ, ನೆಲದಲ್ಲಿ ನೆಟ್ಟಿದ್ದೀರಿ ತಾನೆ? ರಾತ್ರಿ ಎಷ್ಟಿರುತ್ತೆ ಅಂತ ಅಳೆದಿದ್ದೀರಾ?

ಸಂಶಯಪ್ಪ:

ನೆಲದಲ್ಲೇ. ಬಾವಿಕಟ್ಟೆ ಪಕ್ಕ, ಮೇಲೆ ನುಗ್ಗೆ ಮರದ ಜಾಳು ನೆರಳು. ರಾತ್ರಿ ಅಳೆದಿಲ್ಲ, ಆದರೆ ಬೆಳಗಿನ ಜಾವ ಹೊದಿಕೆ ಬೇಕಾಗುತ್ತೆ.

ಸರಿ ಬಿಡಿ, ಅರ್ಥ ಆಯ್ತು.

ಹೀರೆಬಳ್ಳಿ:

ಅಕ್ಕಾ, ಹೀರೆಗೆ ನಾನು ಹೇಳ್ತೀನಿ, ಎರಡು ವರ್ಷ ಇದೇ ಗೋಳು ಅನುಭವಿಸಿದ್ದೀನಿ.

ಮಿಡಿ ಹಳದಿಯಾಗಿ ಒಣಗ್ತಿದೆ ಅಂದರೆ ಪರಾಗ ಬಿದ್ದಿಲ್ಲ. ಹೀರೆ, ಸೋರೆ, ಸೌತೆ, ಕುಂಬಳ ಎಲ್ಲದರಲ್ಲೂ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಶುರುವಿಗೆ ಬರೀ ಗಂಡು ಹೂವೇ ಬರುತ್ತೆ, ಅದಕ್ಕೆ ಹೆದರಬೇಡಿ. ಹೂವಿನ ಬುಡದಲ್ಲಿ ಪುಟಾಣಿ ಹೀರೆಕಾಯಿ ಅಂಟಿಕೊಂಡಿದ್ದರೆ ಅದು ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಇಲ್ಲಿ ಮಾತ್ರ ನಿಮ್ಮ ಬ್ರಷ್ ಕೆಲಸಕ್ಕೆ ಬರುತ್ತೆ, ಆದರೆ ಬ್ರಷ್ಷೂ ಬೇಡ. ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿ.

ನಾನು ಮೋಸ ಹೋಗಿದ್ದು ಹೊತ್ತಿನಲ್ಲಿ. ಕುಂಬಳ, ಸೌತೆಗೆ ಬೆಳಿಗ್ಗೆ ಮಾಡಿ ಅಭ್ಯಾಸ, ಹೀರೆಗೂ ಬೆಳಿಗ್ಗೆ ಏಳಕ್ಕೆ ಹೋಗಿ ಮಾಡ್ತಿದ್ದೆ, ಒಂದೂ ಹತ್ತಲಿಲ್ಲ. ಆಮೇಲೆ ಒಂದು ಸಂಜೆ ಬಟ್ಟೆ ತೆಗೆಯೋಕೆ ಹೋದಾಗ ನೋಡ್ತೀನಿ, ಬಳ್ಳಿ ತುಂಬ ಆಗ ತಾನೇ ಬಿರಿದ ಹೂ! ಹೀರೆ ಹೂ ಅರಳೋದೇ ಸಂಜೆ. ಸೋರೆಯದ್ದೂ ಹಾಗೇ. ಸಂಜೆ ಆರರ ಮೇಲೆ ಮಾಡಿ. ಮೂರು ದಿನಕ್ಕೆ ಮಿಡಿಯ ತುದಿ ಹಸಿರಾಗೇ ಇದ್ದು ಉದ್ದ ಆಗೋಕೆ ಶುರುವಾದರೆ ಹತ್ತಿತು ಅಂತ ಲೆಕ್ಕ.

ಮುರುಟಿದ ಎಲೆ ಕೀಳೋಕೆ ಮುಂಚೆ ಒಂದು ಕೆಲಸ ಮಾಡಿ. ಎಲೆ ಮೇಲಕ್ಕೆ ಮಡಚಿ ದೋಣಿ ಥರ ಆಗಿದೆಯೋ, ಕೆಳಕ್ಕೆ ಮಡಚಿ ಬೋರಲು ಹಾಕಿದ ದೋಣಿ ಥರ ಆಗಿದೆಯೋ ನೋಡಿ. ಮೇಲಕ್ಕಾದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಕ್ಕಾದರೆ ಮೈಟ್ ನುಸಿ. ತುದಿಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಥ್ರಿಪ್ಸ್ ಆದರೆ ಸಣ್ಣ ಗೀಟಿನಂಥವು ಕಾಗದದ ಮೇಲೆ ಓಡಾಡುತ್ತವೆ. ಮೈಟ್ ಬರಿಗಣ್ಣಿಗೆ ಕಾಣೋದು ಕಷ್ಟ.

ಎರಡಕ್ಕೂ ಬೇವಿನೆಣ್ಣೆ ನಡೆಯುತ್ತೆ. ಲೀಟರ್ ನೀರಿಗೆ 5 ಎಂ.ಎಲ್., ಜೊತೆಗೆ ಎರಡು ಹನಿ ಸೋಪಿನ ದ್ರಾವಣ, ಇಲ್ಲಾಂದರೆ ಎಣ್ಣೆ ಮೇಲೆ ತೇಲಿಕೊಂಡೇ ಇರುತ್ತೆ. ಸಂಜೆ ಹೊತ್ತು, ಎಲೆಯ ಅಡಿಭಾಗ ನೆನೆಯೋ ಹಾಗೆ, ವಾರಕ್ಕೊಂದರಂತೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತೆ. ನಾನು ಒಂದು ಭಾನುವಾರ ಮಧ್ಯಾಹ್ನ ಆ ಘನಕಾರ್ಯ ಮಾಡಿ ನಾಲ್ಕು ಬದನೆ ಗಿಡ ಕಳಕೊಂಡೆ. ಮೂರು ಸಲ ಹೊಡೆದ ಮೇಲೂ ಹೊಸ ಚಿಗುರು ಮುರುಟಿಕೊಂಡೇ ಬಂದು, ಎಲೆ ಮೇಲೆ ಹಳದಿ ಹಸಿರು ಮಚ್ಚೆ ಕಾಣಿಸಿದರೆ ಅದು ವೈರಸ್ ಇರಬಹುದು. ಆಗ ಕಿತ್ತು ಹಾಕೋದೇ ಸರಿ.

ತಾರಸಿಯವಳು:

ಮಣ್ಣುಗೈ ಅಣ್ಣ, ರಾತ್ರಿ ಹತ್ತಕ್ಕೆ ಹೋದೆ. ಗೋಡೆ ಮುಟ್ಟಿದರೆ ಇಸ್ತ್ರಿ ಆರಿಸಿ ಕಾಲು ಗಂಟೆ ಆದ ಮೇಲೆ ಇರುತ್ತಲ್ಲ, ಹಾಗಿತ್ತು. ನಂಬಿಕೆ ಸಾಲದೆ ಒಂದು ಥರ್ಮಾಮೀಟರ್ ತಂದು ಕುಂಡಗಳ ನಡುವೆ ಇಟ್ಟೆ. ರಾತ್ರಿ ಹತ್ತಕ್ಕೆ 30, ಬೆಳಗಿನ ಜಾವ ಐದಕ್ಕೆ 27. ಮಾರನೇ ರಾತ್ರಿ ಅದನ್ನೇ ಪೂರ್ವದ ಕಡೆ ನೀರಿನ ಟ್ಯಾಂಕ್ ಹತ್ತಿರ ಇಟ್ಟರೆ ಐದಕ್ಕೆ 23. ಒಂದೇ ತಾರಸಿ, ಹದಿನೈದು ಹೆಜ್ಜೆ ಅಂತರ!

ಮನೆಯವರು ಬೈಕೊಂಡೇ ಒಂಬತ್ತನ್ನೂ ಹೊತ್ತು ಹಾಕಿದರು. ಇಟ್ಟಿಗೆ, ತರಗೆಲೆ, ಹಳೇ ಬೆಡ್‌ಶೀಟ್ ಎಲ್ಲಾ ಆಯ್ತು. ಈಗ ಕುಂಡಗಳು ಪಂಚೆ ಉಟ್ಟ ಹಾಗೆ ಕಾಣ್ತವೆ. ಗೊಬ್ಬರ ನಿಲ್ಲಿಸಿದ್ದೀನಿ, ಕೈ ಮಾತ್ರ ತಡೀತಿಲ್ಲ.

ಹೀರೆಬಳ್ಳಿ ಅವರೇ, ಕಾಗದ ತಟ್ಟಿದೆ. ಓಡಾಡಿದವು. ನಾನು ಇಷ್ಟು ದಿನ ಅದನ್ನ ಧೂಳು ಅಂದ್ಕೊಂಡಿದ್ದೆ. ಸಂಜೆ ಹೀರೆ ಹೂವೂ ನೋಡಿದೆ, ನೀವು ಹೇಳಿದ್ದು ನಿಜ.

ತಾರಸಿಯವಳು (ಐದು ವಾರದ ನಂತರ):

ಬಂದು ಹೇಳ್ತೀನಿ ಅಂತ ಮಾಯ ಆದೆ, ಕ್ಷಮಿಸಿ.

ಜಾಗ ಬದಲಾಯಿಸಿದ ಮೊದಲ ವಾರ ಹೂ ಉದುರೋದು ನಿಲ್ಲಲಿಲ್ಲ. ಮಣ್ಣುಗೈ ಅಣ್ಣ ಮೊಗ್ಗಿನಲ್ಲೇ ಕೆಟ್ಟಿರುತ್ತೆ ಅಂತ ಹೇಳದೇ ಇದ್ದಿದ್ದರೆ ಖಂಡಿತ ಇನ್ನೊಂದು ಡಬ್ಬ ಗೊಬ್ಬರ ಸುರೀತಿದ್ದೆ. ಹನ್ನೆರಡನೇ ದಿನ ಒಂದು ಹೂವಿನ ದಳ ಒಣಗಿ, ಉದುರದೆ ಹಾಗೇ ಅಂಟಿಕೊಂಡಿತ್ತು. ಉಗುರಿನಿಂದ ಸರಿಸಿ ನೋಡಿದರೆ ಒಳಗೆ ಹಸಿರು ಗುಂಡಿಯಷ್ಟು ಕಾಯಿ. ಮನೆಯವರನ್ನ ಕೂಗಿ ಕರೆದೆ, ಏನೋ ಬಿದ್ದು ಕಾಲು ಮುರಕೊಂಡಳು ಅಂತ ಓಡಿ ಬಂದರು.

ಇವತ್ತಿಗೆ ಏಳು ಗಿಡದಲ್ಲಿ 14 ಕಾಯಿ ಇವೆ. ಮುರುಟಿದ್ದ ಎರಡರಲ್ಲಿ ಒಂದು ಚಿಗುರಿತು, ಒಂದನ್ನ ಕಿತ್ತೆ. ಇನ್ನೊಂದು ಸುಮ್ಮನೆ ನಿಂತಿದೆ, ಹೂವೂ ಇಲ್ಲ ಕಾಯೂ ಇಲ್ಲ, ಯಾಕೆ ಅಂತ ಕೇಳೋಕೆ ಹೋಗಿಲ್ಲ. ಹೀರೆ ದಿನ ಬಿಟ್ಟು ದಿನ ಒಂದು.

ಒಂದು ದಡ್ಡತನವೂ ಮಾಡಿದೆ. ಕಾಯಿಗೆ ಬೆಳಕು ಬೀಳಲಿ ಅಂತ ಸುತ್ತಲ ಎಲೆ ಸವರಿದೆ. ಮೂರೇ ದಿನಕ್ಕೆ ಒಂದು ಕಾಯಿಯ ಬಿಸಿಲಿನ ಕಡೆ ಪಕ್ಕ ಬೆಳ್ಳಗಾಗಿ, ಒಣ ಕಾಗದದಷ್ಟು ತೆಳ್ಳಗಾಯ್ತು. ಇದು ರೋಗಾನಾ? ಕಾಯಿ ಯಾವಾಗ ಕೆಂಪಾಗುತ್ತೆ? ಗಾತ್ರ ಏನೋ ಬಂದಿದೆ, ಇನ್ನೂ ಹಸಿರೇ.

ಮಣ್ಣುಗೈ:

ರೋಗ ಅಲ್ಲಮ್ಮ, ಬಿಸಿಲು ಬೊಬ್ಬೆ. ಎಲೆ ಇರೋದೇ ಕಾಯಿಗೆ ಕೊಡೆ ಹಿಡಿಯೋಕೆ. ಆ ಕಾಯಿ ಕಿತ್ತುಬಿಡಿ, ಬೊಬ್ಬೆ ಬಿದ್ದ ಜಾಗದಲ್ಲಿ ಬೂಷ್ಟು ಹಿಡಿಯುತ್ತೆ. ಕತ್ತರಿಯನ್ನ ಎಲ್ಲಾದರೂ ಬಚ್ಚಿಡಿ.

ಹಸಿರು ಕಾಯಿ ಗಾತ್ರಕ್ಕೆ ಬಂದ ಮೇಲೆ ಬಣ್ಣ ತಿರುಗೋಕೆ ಇನ್ನೂ ಎರಡರಿಂದ ನಾಲ್ಕು ವಾರ ಬೇಕು, ಜಾತಿ ಮೇಲೆ ಹೋಗುತ್ತೆ. ಆದರೆ ಎಲ್ಲವನ್ನೂ ಕೆಂಪಾಗಲಿ ಅಂತ ಗಿಡದಲ್ಲೇ ಬಿಟ್ಟರೆ ಹೊಸ ಹೂ ಕಮ್ಮಿ ಆಗುತ್ತೆ. ಮೊದಲ ಸುತ್ತು ಹಸಿರಿದ್ದಾಗಲೇ ಕೊಯ್ಯಿ. ಎಳೆದು ಕೀಳಬೇಡಿ, ಕೊಂಬೆ ಹಸಿಕಡ್ಡಿ ಥರ ಮುರಿದು ಕೈಗೆ ಬರುತ್ತೆ. ಕತ್ತರಿಯಿಂದ ತೊಟ್ಟು ಸ್ವಲ್ಪ ಬಿಟ್ಟು ಕತ್ತರಿಸಿ.

ಬಚ್ಚಿಡಿ ಅಂದಿದ್ದೆ ಅಲ್ವಾ. ಆ ಒಂದು ಕೆಲಸಕ್ಕೆ ಮಾತ್ರ ಹೊರಗೆ ತೆಗೀರಿ.

ತಾರಸಿಯವಳು:

ಸರಿ ಅಣ್ಣ. ಎರಡು ಕಾಯಿ ಮಾತ್ರ ಕೆಂಪಿಗೆ ಬಿಡ್ತೀನಿ, ಮಗಳು ಆಗಲೇ ಅವಕ್ಕೆ ದಾರ ಕಟ್ಟಿ ಗುರುತು ಮಾಡಿದ್ದಾಳೆ. ಬ್ರಷ್ ತಗೊಂಡಿದ್ದು ಯಾರು ಅಂತ ಅವಳಿಗೆ ಗೊತ್ತಾಗಿದೆ.